ಕಂಡಕಿಯ ಕೂಲಿ

“ತಪ್ಪೇತಿ. ಮತ್ತ ಕೂಡಿಸು,” ಎಂದು ನೇಕಾರ ಶಿದ್ರಾಮಪ್ಪ ಮಗ್ಗದಲ್ಲಿ ಕೂತೇ ಮಗಳನ್ನು ಗದರಿದ.

ರಾಜಶ್ರೀ ಆ ಸೀರೆಯ ಖರ್ಚನ್ನು ಮೊಬೈಲಿನಲ್ಲಿ ಇನ್ನೊಮ್ಮೆ ಕೂಡಿಸಿದಳು. ನೂಲು, ಬಣ್ಣ, ಅಂಚಿನ ರೇಷ್ಮೆ, ಅಪ್ಪನ ಕೂಲಿ. ಲಾಳಿಯೊಳಗಿನ ಕಂಡಕಿಗೆ ನೂಲು ಸುತ್ತಿಕೊಡುವ ಪಕ್ಕದ ಮನೆಯ ಮುದಕವ್ವನ ಕೂಲಿ ಐದುನೂರು. ಇಷ್ಟೂ ಕಳೆದರೆ ಸಾವಕಾರ ಕೊಡುವ ಬೆಲೆಯಲ್ಲಿ ಒಂದು ರೂಪಾಯಿಯೂ ಉಳಿಯುತ್ತಿರಲಿಲ್ಲ.

“ಲಾಭ ಏನೂ ಇಲ್ಲಪ್ಪಾ. ಬೆಲಿ ಏರಿಸು. ಇಲ್ಲಾ, ಮಗ್ಗಾ ನಿಲ್ಲಿಸಿ ನನ್ನ ಕೂಡ ಮುಧೋಳಕ್ಕ ನಡಿ.”

“ಏರಿಸಿದ್ರ ಸಾವಕಾರ ಪವರ್‌ಲೂಮಿನ ಸೀರಿ ತಗೊಂಡ ಹೊಕ್ಕಾನ. ಹುಚ್ಚಿ ಅದಿ ಏನ? ಸೀರಿಗೆ ಐದನೂರು ಲಾಭ ತಗೀತಿದ್ದಾಂವ ನಾ! ರಬಕವ್ಯಾಗ ಯಾರನ್ನರ ಕೇಳು.”

ಅವನು ಹೇಳಿದ್ದು ಸುಳ್ಳೇನಲ್ಲ. ನೂಲಿನ ದರ ಏರಿರಲಿಲ್ಲ, ಸೀರೆಯ ಬೆಲೆ ಇಳಿದಿರಲಿಲ್ಲ. ಹೆಂಡತಿ ಗುರುಬಸವ್ವ ಹೋದ ತಿಂಗಳು ತೀರಿಕೊಂಡ ಮೇಲೆ ಮಗ್ಗದಿಂದ ಇಳಿದ ಮೊದಲ ಸೀರೆ ಇದು. ಅಷ್ಟರೊಳಗೆ ಲಾಭ ಎಲ್ಲಿ ಹಾಳಾಗಿ ಹೋಯಿತು? ಮಗ್ಗ ಬಿಟ್ಟು ಮಗಳ ಮನೆ ಸೇರಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ. ರಾಟಿಯ ಮುಂದೆ ಕೂತಿದ್ದ ಮುದಕವ್ವನ ಕಡೆ ತಿರುಗಿದ.

“ಯಕ್ಕಾ, ನಿನ್ನ ಕೂಲಿ ಒಂದೀಟ ಕಡಿಮಿ ಮಾಡ್ಕೋ.”

“ಅಯ್ಯ ಶಿವನ! ಪುಕಟ ದುಡ್ಯಾಕ ನಾ ಏನ್ ನಿನ್ನ ಹೇಣ್ತಿ ಏನೋ ತಮ್ಮಾ?” ಎಂದು ಮುದಕವ್ವ ನಕ್ಕಳು. ನಕ್ಕ ಮೇಲೆ ನಾಲಿಗೆ ಕಚ್ಚಿಕೊಂಡಳು. ರಾಟಿ ನಿಂತಿತು.

ರಾಜಶ್ರೀ ಮೊಬೈಲಿನಿಂದ ತಲೆ ಎತ್ತಿ ಮೆಲ್ಲಗೆ ಕೇಳಿದಳು, “ಯಪ್ಪಾ, ಇಷ್ಟ ವರ್ಷ ಕಂಡಕಿ ಸುತ್ತಿದ ಅವ್ವನ ಕೂಲಿ ನೀ ಯಾವತ್ತೂ ಲೆಕ್ಕಕ್ಕ ಹಿಡದಿಲ್ಲೇನು?”

“ಮನ್ಯಾಕಿಗೆ ಎಂಥಾ ಕೂಲಿ...”

ಶಿದ್ರಾಮಪ್ಪ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟ. ಇಷ್ಟು ವರ್ಷ ಲಾಭ, ಲಾಭ ಎಂದು ಎದೆ ಉಬ್ಬಿಸಿಕೊಂಡು ಎಣಿಸಿದ್ದು ಅವಳ ಕೂಲಿಯನ್ನೇ. ಅದು ತಿಳಿದದ್ದೇ ತಡ, ಅವನಿಗೆ ಅಳು ಒತ್ತರಿಸಿಕೊಂಡು ಬಂತು. ಮಗಳ ಮುಂದೆ ಅಳಬಾರದೆಂದು ಹಲ್ಲು ಕಚ್ಚಿದರೂ ಆಗಲಿಲ್ಲ.

“ಆಕಿಗೇನ್ ಬ್ಯಾಸರ ಇದ್ದಿಲ್ಲ ಬಿಡೋ,” ಎಂದು ಮುದಕವ್ವ ಸಮಾಧಾನ ಮಾಡಲು ಹೋದಳು. “ನಮ್ಮನಿಯವರು ಸೀರಿಗೆ ಐದನೂರು ಲಾಭ ತಗೀತಾರ ಅಂತ ಓಣಿ ತುಂಬ ಹೇಳಿ ಹಿಗ್ಗತಿದ್ಲು.”

ಶಿದ್ರಾಮಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ಮಗಳ ಕೈಯಲ್ಲಿದ್ದ ಮೊಬೈಲಿಗೆ ಬೆರಳು ತೋರಿಸಿದ.

“ಸೀರಿ ಲೆಕ್ಕಾ ಬಿಡು. ಮದಿವ್ಯಾದ ದಿನದಿಂದ ಆಕೀ ಕೂಲಿ ಎಷ್ಟಾತು, ಅದನ್ನ ಹಾಕು ಮೊದಲ.”

“ಹಾಕಿ ಯಾರ ಕೈಯಾಗ ಕೊಡ್ತೀ ಯಪ್ಪಾ?” ಎಂದಳು ರಾಜಶ್ರೀ.