ಫೆಸ್ಟಸನ ಹೆಚ್ಚುವರಿ ಹಂಸ

ಕೋಲ್ಮನ್ ತೀರಿಕೊಂಡ ಸುದ್ದಿ ಫೆಸ್ಟಸನಿಗೆ ತಿಳಿದದ್ದು ಜನವರಿಯಲ್ಲಿ, ಹಕ್ಕಿ ಎಣಿಸುವ ಭಾನುವಾರವೇ, ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಹೊರಬರುವಾಗ. ನೆಟ್ಟಗೆ ಗೆಳೆಯನ ಮನೆಗೆ ಹೋದ. ಹೆಣದ ಬೆರಳುಗಳಿಗೆ ಆಗಲೇ ಜಪಮಾಲೆ ಸುತ್ತಿದ್ದರು. ಕೋಲ್ಮನ್ನನ ಹೆಂಡತಿ ಡೀಲಿಯಾ ಚಹಾ ಕೊಟ್ಟು, ಕುಡಿದು ಸರೋವರಕ್ಕೆ ಹೊರಡು ಎಂದಳು.

"ಇವತ್ತು ಹೇಗೆ ಹೋಗಲಿ?"

"ನೀನು ಎಣಿಸದಿದ್ರೆ ಇವನು ಪೆಟ್ಟಿಗೆಯೊಳಗೂ ಸುಮ್ಮನೆ ಮಲಗೋನಲ್ಲ. ಹೋಗು."

ಇಪ್ಪತ್ತು ಚಳಿಗಾಲ ಇಬ್ಬರೂ ಸರೋವರದ ಅವೇ ಹಕ್ಕಿಗಳನ್ನು ಎಣಿಸಿದ್ದರು. ಕೋಲ್ಮನ್ ಮೂಡಣ ದಂಡೆಯಿಂದ, ಫೆಸ್ಟಸ್ ಪಡುವಣ ದಂಡೆಯಿಂದ. ಬಾತುಗಳು ಹತ್ತಿಪ್ಪತ್ತು ಹೆಚ್ಚುಕಡಿಮೆಯಾದರೆ ಯಾರೂ ಕೇಳುತ್ತಿರಲಿಲ್ಲ. ಅವು ಮುಳುಗುತ್ತವೆ, ಏಳುತ್ತವೆ. ಹಂಸ ಹಾಗೆ ಮುಳುಗಿ ಮಾಯವಾಗುವ ಹಕ್ಕಿಯಲ್ಲ. ಆದರೂ ಹನ್ನೊಂದು ವರ್ಷದಿಂದ ಫೆಸ್ಟಸನ ಲೆಕ್ಕಕ್ಕೆ ಕೋಲ್ಮನ್ನನದಕ್ಕಿಂತ ಒಂದು ಹಂಸ ಹೆಚ್ಚು ಬರುತ್ತಿತ್ತು. ಪಬ್ಬಿನಲ್ಲಿ ಊರೆಲ್ಲ ನಗುತ್ತಿತ್ತು. ಅವನು ಕನ್ನಡಕ ಬದಲಿಸಿದ. ಗಾಲ್ವೆ ಪಟ್ಟಣದ ಆಸ್ಪತ್ರೆಗೆ ಹೋಗಿ ಎಡಗಣ್ಣಿನ ಪೊರೆ ತೆಗೆಸಿಕೊಂಡ. ಹೊಸ ಕಣ್ಣಿಗೂ ಒಂದು ಹೆಚ್ಚೇ ಕಂಡಿತು. ಕೋಲ್ಮನ್ ಮಣ್ಣಿಗೆ ಹೋಗುವ ಮೊದಲು ಯಾರ ಲೆಕ್ಕ ಸರಿಯೆಂದು ಅವನಿಗೆ ತಿಳಿಯಲೇಬೇಕಿತ್ತು.

ಪಡುವಣ ದಂಡೆಯಿಂದ ಅರವತ್ತೆರಡು ಕಂಡವು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ಗೆಳೆಯನ ದಂಡೆಗೆ ನಡೆದ. ಜೊಂಡಿನ ಮಗ್ಗುಲಲ್ಲಿ, ರೆಕ್ಕೆಯೊಳಗೆ ತಲೆ ಹುದುಗಿಸಿ ಹಂಸವೊಂದು ಮಲಗಿತ್ತು. ಬಾತೊಂದು ಅದರ ಬೆನ್ನೇರಿ ಕೂತು ಗರಿ ತಿದ್ದಿಕೊಳ್ಳುತ್ತಿತ್ತು. ಹಂಸ ಅಲುಗಲಿಲ್ಲ. ಫೆಸ್ಟಸ್ ಬೂಟಿನ ಸಮೇತ ನೀರಿಗಿಳಿದು ಮುಟ್ಟಿದ. ಮರದ್ದು. ಕಲ್ಲಿಗೆ ಕಟ್ಟಿ ನಿಲ್ಲಿಸಿದ್ದು. ಬಿಳಿ ಬಣ್ಣ ಇನ್ನೂ ಹೊಸದಾಗಿತ್ತು.

ಗೆಳೆಯನ ಮನೆಗೆ ಮರಳಿದಾಗ ಡೀಲಿಯಾ ಎಷ್ಟೆಂದು ಕೇಳಿದಳು.

"ಬಣ್ಣ ಬಳಿದೋರು ಯಾರು?"

ಅವಳು ಒಲೆಯ ಕಡೆ ತಿರುಗಿಕೊಂಡಳು. "ಬಳಿದಿದ್ದು ಅವನು. ದೋಣಿ ಹಿಡ್ಕೊಂಡಿದ್ದು ನಾನು. ಅಕ್ಟೋಬರಲ್ಲಿ ಅವನಿಗೆ ಎದ್ದು ನಿಲ್ಲೋ ಶಕ್ತಿಯಿರಲಿಲ್ಲ. ಫೆಸ್ಟಸ್ ಈ ಸಲ ಸರಿಯಾಗಿ ಎಣಿಸಿಬಿಟ್ರೆ ಏನು ಗತಿ ಅಂತ ಒಂದೇ ಹಟ."

"ನನ್ನ ಕಣ್ಣು ಕುಯ್ಸಿದಿರಲ್ಲೇ."

"ಆವತ್ತು ಅವನಿಗೆ ಊಟ ಸೇರಲಿಲ್ಲ. ಹೇಳಿಬಿಡ್ತೀನಿ ಅಂತ ಎದ್ದ. ನಿನಗೆ ದೂರದ್ದೂ ಚೆನ್ನಾಗಿ ಕಾಣ್ತಿದೆ ಅಂತ ಗೊತ್ತಾಯ್ತು, ಕೂತ."

ಫೆಸ್ಟಸ್ ಹೆಣದ ಪಕ್ಕ ಮಂಡಿಯೂರಿದ. ಅವನ ಹೆಗಲು ಕುಲುಕುವುದನ್ನು ಕಂಡು ಹಿಂದೆ ಕೂತ ಹೆಂಗಸರು ಲೊಚಗುಟ್ಟಿದರು. ಅವನು ಶಿಲುಬೆಯ ಗುರುತು ಮಾಡಿಕೊಂಡು ಮೆಲ್ಲಗೆ ಪ್ರಾರ್ಥಿಸಿದ:

"ಕರ್ತನೇ, ಕೋಲ್ಮನ್ನನ ಆತ್ಮಕ್ಕೆ ನಿತ್ಯಶಾಂತಿ ಕೊಡು. ನಿನ್ನ ಬೆಳಕು ಸದಾ ಅವನ ಮೇಲಿರಲಿ. ಇನ್ನು ಮೇಲೆ ನಿನ್ನ ದೇವದೂತರನ್ನು ಎಣಿಸುವಾಗ ಒಬ್ಬೊಬ್ಬರನ್ನೂ ಮುಟ್ಟಿ ನೋಡಿ ಎಣಿಸು. ಆಮೆನ್."