ಸಾಯದ ಕರಿಮೀನು

ಹೂದಾನಿಯ ಕೊಳೆತ ನೀರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಸಂಡೂರಿನ ಮಾಮನ ಮನೆಯ ಮೀನಿನ ತೊಟ್ಟಿ ನನಗೆ ನೆನಪಾಗುತ್ತದೆ.

ಅದಿರಿನ ಲಾರಿಗಳಿಂದ ದುಡ್ಡು ಕಂಡ ಮಾಮ ಆ ಗಾಜಿನ ತೊಟ್ಟಿಯನ್ನು ತಂದು ನಡುಮನೆಯಲ್ಲಿಟ್ಟಿದ್ದ. ಒಂದು ಮಧ್ಯಾಹ್ನ ನಾನು ಹೋದಾಗ ಅದರ ನೀರು ಕೆಂಪು ಧೂಳು ಕೂತು ರಾಡಿಯಾಗಿತ್ತು. ಮೇಲೆ ಒಗ್ಗರಣೆ ಮಂಡಕ್ಕಿ ಉಬ್ಬಿ, ಎಣ್ಣೆ ತೇಲುತ್ತಿತ್ತು. ಒಂಟಿ ಕರಿಮೀನು ಬಾಯಿ ತೆರೆದು ಆ ಎಂಜಲನ್ನೇ ನುಂಗುತ್ತಿತ್ತು.

“ಮಾಮ, ನೀರು ಬದ್ಲು ಮಾಡು, ಸಾಯ್ತೈತಿ,” ಎಂದೆ.

“ಮನಿಗೆ ದೃಷ್ಟಿ ತಗಲಿದ್ರ ಮೊದ್ಲು ಮೀನು ಸಾಯ್ತೈತಲೇ. ಎರಡು ವರ್ಷಾತು, ಗಟ್ಟಿ ಐತಿ ನೋಡು. ನಮ್ಮ ಮನಿಗೆ ಏನೂ ಆಗಂಗಿಲ್ಲ,” ಎಂದ ಮಾಮ, ತಾನು ತಿನ್ನುತ್ತಿದ್ದ ಮಂಡಕ್ಕಿಯನ್ನೇ ಇನ್ನೊಂದು ಹಿಡಿ ಎಸೆದ.

ಬಚ್ಚಲಲ್ಲಿ ಅತ್ತೆ ಕೆಮ್ಮುತ್ತಲೇ ಇದ್ದಳು. ಹೊಸ ಬಿಳಿ ಟೈಲ್ಸ್ ಮೇಲೆ ಅವಳು ಉಗುಳಿದ್ದು ಕೆಂಪಗಿತ್ತು.