ಹಿಡಿಯದ ಉಸಿರು

"ಮತ್ತೆ ಉಸಿರು ಬಿಟ್ರಲ್ಲ ಯಜಮಾನ್ರೇ," ಎಂದು ಸ್ಕ್ಯಾನ್ ಟೆಕ್ನಿಷಿಯನ್ ಗಾಜಿನ ಈಚೆಯಿಂದ ಮೈಕಿನಲ್ಲಿ ಗದರಿ, ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿಯ ಕಡೆ ತಿರುಗಿದ. "ಶ್ವಾಸಕೋಶದಲ್ಲಿ ಮೆಣಸುಕಾಳಿನಷ್ಟು ಗಂಟಿದ್ರೂ ಇದರಲ್ಲಿ ಕಾಣುತ್ತೆ ಮೇಡಂ. ಆದ್ರೆ ಎದೆ ಅಲ್ಲಾಡಿದ್ರೆ ಚಿತ್ರ ಮಸುಕಾಗಿಬಿಡುತ್ತೆ."

ಅವಳು ಹಲ್ಲು ಕಡಿದಳು. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದು ತಿಳಿದ ದಿನ ಗಂಡ ಆ ಖುಷಿಗೇ ಇನ್ನೊಂದು ಸಿಗರೇಟು ಹಚ್ಚಿದ್ದ. ಸಣ್ಣ ಗಂಟು ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಈಗಲೇ ಸಿಕ್ಕಿದರೆ ಕತ್ತರಿಸಿ ತೆಗೆಯಬಹುದು ಎಂದು ಡಾಕ್ಟರು ಹೇಳಿದ ಮೇಲೆ, ಅವಳು ಜಗಳವಾಡಿ ಅವನನ್ನು ಇಲ್ಲಿಗೆ ಎಳೆತಂದಿದ್ದಳು. ಮಕ್ಕಳಿಗೆ ಈಜು ಕಲಿಸುವ ಮನುಷ್ಯ. ಒಂದೇ ಉಸಿರಿನಲ್ಲಿ ಕೊಳದ ಆಚೆ ದಡ ಮುಟ್ಟುತ್ತೇನೆಂದು ಊರಿಗೆಲ್ಲ ಕೊಚ್ಚಿಕೊಳ್ಳುವವನು. ಅವಳು ಮೈಕಿಗೆ ಬಾಗಿದಳು. "ರೀ, ನನ್ನ ಮೇಲಿನ ಸಿಟ್ಟನ್ನ ಇಲ್ಲಿ ತೀರಿಸ್ಕೋಬೇಡಿ. ನಾಟಕ ಸಾಕು."

"ನೀನು ಬಾಯಿ ಮುಚ್ಚಿದ್ರೆ ನಾನೂ ಮುಚ್ತೀನಿ ಕಣೇ," ಎಂದ ಅವನು.

ಅವನು ಮಲಗಿದ್ದ ಹಾಸು ಮತ್ತೆ ಯಂತ್ರದೊಳಗೆ ಸರಿಯಿತು. ಈ ಸಲ ಅವಳು ಕಣ್ಣು ಕೀಳದೆ ನೋಡಿದಳು. ತಲೆಯ ಮೇಲೆ ಚಾಚಿದ್ದ ಅವನ ಕೈಗಳು ಮುಷ್ಟಿ ಕಟ್ಟಿದವು, ಕತ್ತಿನ ನರಗಳು ಉಬ್ಬಿದವು, ಮುಖ ಕಪ್ಪಿಟ್ಟಿತು. ಆಮೇಲೆ ಎದೆ ತಾನಾಗಿಯೇ ಕುಸಿದು ಕೆಮ್ಮು ಒತ್ತರಿಸಿ ಬಂತು. ಟೆಕ್ನಿಷಿಯನ್ ಎದ್ದು ಒಳಗೆ ಹೋಗಿ ಅವನನ್ನು ಹಿಡಿದು ಕೂರಿಸಿದ. ಸ್ಪೀಕರು ಆನ್ ಆಗಿಯೇ ಇತ್ತು. ಕೆಮ್ಮಿನ ನಡುವೆ ಗಂಡನ ಪಿಸುದನಿ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು: "ಬೇಕಂತಲೇ ಬಿಟ್ಟೆ ಅಂತ ಹೇಳಪ್ಪ ಅವಳಿಗೆ."